ಹಾಡುಗಾರರಿಗೆ ಜಾಗ ಬಿಟ್ಟ ಗಿಟಾರ್: ಸ್ಟೀವ್ ಕ್ರಾಪರ್ ಅವರ ಸಂಗೀತ ಜೀವನ

ಹಾಡು ಕೇಳುವವರಿಗೆ ಹಾಡಿದವರ ಹೆಸರು ಗೊತ್ತಿರುತ್ತದೆ. ಅದೇ ಹಾಡಿನಲ್ಲಿ ಹಿಂದೆ ಕುಳಿತು ತಂತಿ ಮೀಟಿದವರ ಹೆಸರು ಬಹುತೇಕ ಯಾರಿಗೂ ತಿಳಿದಿರುವುದಿಲ್ಲ. ನಮ್ಮ ಕರಾವಳಿಯ ಯಕ್ಷಗಾನದಲ್ಲಿ ಭಾಗವತರ ಪದ ಮೇಲೇಳಬೇಕಾದರೆ ಮದ್ದಲೆಗಾರರ ಕೈ ಎಷ್ಟು ಮುಖ್ಯವೆಂಬುದನ್ನು ಆಟ ನೋಡುವವರೆಲ್ಲ ಬಲ್ಲರು. ಎಲ್ಲಿ ನುಡಿಸಬೇಕು ಎಂಬುದರಷ್ಟೇ ಎಲ್ಲಿ ಸುಮ್ಮನಿರಬೇಕು ಎಂಬುದೂ ಆ ಕೈಗೆ ಗೊತ್ತಿರಬೇಕು. ಅಮೆರಿಕದ ಮೆಂಫಿಸ್ ನಗರದಲ್ಲಿ ಈ ವಿದ್ಯೆಯನ್ನೇ ತಮ್ಮ ಜೀವನದ ಕೆಲಸವಾಗಿ ಮಾಡಿಕೊಂಡ ಒಬ್ಬ ಗಿಟಾರ್ ವಾದಕರಿದ್ದರು. ಅವರೇ ಸ್ಟೀವ್ ಕ್ರಾಪರ್. 2025ರ ಡಿಸೆಂಬರ್ 3ರಂದು ನ್ಯಾಶ್‌ವಿಲ್ ನಗರದಲ್ಲಿ, ತಮ್ಮ 84ನೇ ವಯಸ್ಸಿನಲ್ಲಿ ಅವರು ನಿಧನರಾದರು.

ಅವರ ಜೀವನವನ್ನು ಇಲ್ಲಿ ಪರಿಚಯಿಸಲು ನಮಗೆ ಎರಡು ಕಾರಣಗಳಿವೆ. ಮೊದಲನೆಯದು, ಗಾಯನ ಮಂಡಳಿಗಳಲ್ಲಿ ಗಿಟಾರ್ ಹಿಡಿದಿರುವ ನಮ್ಮ ಯುವಕ ಯುವತಿಯರಿಗೆ ಅವರ ವಾದನದಿಂದ ಕಲಿಯಲು ಬಹಳವಿದೆ. ಎರಡನೆಯದು, ಬಿಳಿಯರು ಮತ್ತು ಕರಿಯರು ಒಂದೇ ಮೇಜಿನಲ್ಲಿ ಕುಳಿತು ಊಟ ಮಾಡುವುದೂ ಕಷ್ಟವಾಗಿದ್ದ ಊರಿನಲ್ಲಿ ಅವರು ಕರಿಯ ಸಂಗೀತಗಾರರ ಜೊತೆ ಹತ್ತು ವರ್ಷಗಳ ಕಾಲ ಸರಿಸಮಾನರಾಗಿ ದುಡಿದರು. ಆ ಒಡನಾಟ ಹೇಗೆ ಬೆಳೆಯಿತು, ಹೇಗೆ ಮುರಿಯಿತು ಎಂಬುದು ಸಂಗೀತದ ಆಚೆಗೂ ಯೋಚಿಸಬೇಕಾದ ವಿಷಯವಾಗಿದೆ.

ಸೆಷನ್ ವಾದಕ ಎಂದರೆ ಯಾರು?

ಹಾಡಿನ ಧ್ವನಿಮುದ್ರಣಕ್ಕೆ ನಿಗದಿಯಾದ ಕೆಲವು ಗಂಟೆಗಳ ಅವಧಿಗೆ ಅಮೆರಿಕದಲ್ಲಿ ಸೆಷನ್ ಎನ್ನುತ್ತಾರೆ. ಆ ಅವಧಿಗೆ ಕರೆಸಿಕೊಂಡು ಸಂಭಾವನೆ ಕೊಡುವ ವಾದಕರೇ ಸೆಷನ್ ವಾದಕರು. ಇವತ್ತು ಒಬ್ಬ ಗಾಯಕರಿಗೆ, ನಾಳೆ ಇನ್ನೊಬ್ಬರಿಗೆ ನುಡಿಸುವುದು ಅವರ ಕೆಲಸ. ಹಾಡು ಎಷ್ಟೇ ಜನಪ್ರಿಯವಾದರೂ ಸಾಮಾನ್ಯವಾಗಿ ಅವರಿಗೆ ಸಿಗುವುದು ಆ ದಿನದ ಸಂಭಾವನೆ ಮಾತ್ರ. ಹಾಡು ಬರೆದವರಿಗೆ ಹಾಗಲ್ಲ. ಹಾಡು ಮಾರಾಟವಾದಾಗಲೂ, ರೇಡಿಯೊದಲ್ಲಿ ಬಿತ್ತರವಾದಾಗಲೂ, ಬೇರೆಯವರು ಅದನ್ನು ಹಾಡಿ ಮುದ್ರಿಸಿದಾಗಲೂ ಅವರಿಗೆ ಗೌರವಧನದ ಪಾಲು ಸಲ್ಲುತ್ತದೆ. ಅಮೆರಿಕದ ಸಾಮಾನ್ಯ ರೇಡಿಯೊ ಕೇಂದ್ರಗಳು ಹಾಡು ಬರೆದವರಿಗೆ ಹಣ ಕೊಡುತ್ತವೆ, ನುಡಿಸಿದವರಿಗೆ ಕೊಡುವುದಿಲ್ಲ.

ಇವೆರಡರ ನಡುವೆ ಮೂರನೆಯ ಕೆಲಸವೊಂದಿದೆ. ಯಾವ ವಾದ್ಯ ಎಲ್ಲಿ ಬರಬೇಕು, ಹಾಡು ಹೇಗೆ ಆರಂಭವಾಗಬೇಕು, ಎಲ್ಲಿ ನಿಂತು ಮತ್ತೆ ಹೊರಡಬೇಕು ಎಂದು ನಿರ್ಧರಿಸುವ ವಾದ್ಯ ಸಂಯೋಜನೆಯ ಕೆಲಸವದು. ಕ್ರಾಪರ್ ಅವರು ಈ ಮೂರನ್ನೂ ಒಂದೇ ಕೋಣೆಯಲ್ಲಿ, ಅನೇಕ ಸಲ ಒಂದೇ ದಿನದಲ್ಲಿ ಮಾಡಿದವರು.

ಬಾಲ್ಯ ಮತ್ತು ಮೊದಲ ಗಿಟಾರ್

ಸ್ಟೀವನ್ ಲೀ ಕ್ರಾಪರ್ ಅವರು 1941ರ ಅಕ್ಟೋಬರ್ 21ರಂದು ಮಿಸೌರಿ ರಾಜ್ಯದ ಡೋರಾ ಎಂಬ ಹಳ್ಳಿಯ ಕಡೆ ಜನಿಸಿದರು. ಅವರಿಗೆ ಒಂಬತ್ತು ವರ್ಷವಾಗಿದ್ದಾಗ ಕುಟುಂಬ ಟೆನ್ನೆಸಿ ರಾಜ್ಯದ ಮೆಂಫಿಸ್ ನಗರಕ್ಕೆ ಬಂದು ನೆಲೆಸಿತು. ಹಳ್ಳಿಯ ಹುಡುಗನ ಕಿವಿಗೆ ಅಲ್ಲಿ ಹೊಸ ಸಂಗೀತ ಬಿತ್ತು. ರೇಡಿಯೊ ತಿರುಗಿಸಿದರೆ ಕರಿಯರ ದೇವಾಲಯಗಳ ಗಾಸ್ಪೆಲ್ ಗಾಯನ ಕೇಳಿಬರುತ್ತಿತ್ತು. ಬೋಧಕರು ಒಂದು ಮಾತು ಎತ್ತಿದರೆ ಸಭೆ ಉತ್ತರ ಕೊಡುತ್ತದೆ. ಒಬ್ಬರು ಹಾಡಿದರೆ ಗುಂಪು ಮರುದನಿ ಕೊಡುತ್ತದೆ. ಈ ಕರೆ ಮತ್ತು ಉತ್ತರದ ಕ್ರಮವೇ ಮುಂದೆ ಅವರ ಗಿಟಾರ್ ವಾದನದ ತಳಹದಿಯಾಯಿತು.

ಹದಿನಾಲ್ಕನೇ ವಯಸ್ಸಿನಲ್ಲಿ ಅಂಚೆಯ ಮೂಲಕ ತರಿಸಿಕೊಂಡ ಗಿಟಾರ್ ಅವರ ಮೊದಲ ವಾದ್ಯ. ಚಕ್ ಬೆರ್ರಿ, ಜಿಮ್ಮಿ ರೀಡ್, ಚೆಟ್ ಅಟ್ಕಿನ್ಸ್ ಮುಂತಾದವರನ್ನು ಕೇಳುತ್ತಾ ಕಲಿತರು. ಎಲ್ಲರಿಗಿಂತ ಹೆಚ್ಚಾಗಿ ಅವರು ಮೆಚ್ಚಿದ್ದು 'ಫೈವ್ ರಾಯಲ್ಸ್' ಎಂಬ ಕರಿಯರ ಗಾಯನ ತಂಡದ ಗಿಟಾರ್ ವಾದಕ ಲೋಮನ್ ಪಾಲಿಂಗ್ ಅವರನ್ನು. ಗಾಯಕರು ಒಂದು ಸಾಲು ಮುಗಿಸಿ ಉಸಿರು ತೆಗೆದುಕೊಳ್ಳುವ ಹೊತ್ತಿನಲ್ಲಿ ಪಾಲಿಂಗ್ ಅವರ ಗಿಟಾರ್ ಮಾತನಾಡುತ್ತಿತ್ತು. ಗಾಯನ ಮತ್ತೆ ಶುರುವಾದರೆ ಅದು ಹಿಂದೆ ಸರಿಯುತ್ತಿತ್ತು. ಈ ಋಣವನ್ನು ಕ್ರಾಪರ್ ಅವರು ಮರೆಯಲಿಲ್ಲ. 2011ರಲ್ಲಿ, ತಮ್ಮ ಎಪ್ಪತ್ತರ ಹತ್ತಿರದಲ್ಲಿ, ಆ ತಂಡದ ಹಾಡುಗಳಿಗಾಗಿಯೇ ಒಂದು ಪೂರ್ಣ ಆಲ್ಬಮ್ ಮೀಸಲಿಟ್ಟರು.

ಶಾಲೆಯ ಗೆಳೆಯರೊಡನೆ ಅವರು ಕಟ್ಟಿದ ತಂಡ ಮುಂದೆ 'ಮಾರ್-ಕೀಸ್' ಎಂಬ ಹೆಸರು ಪಡೆಯಿತು. ಬೇಸ್ ಗಿಟಾರ್ ವಾದಕ ಡೊನಾಲ್ಡ್ 'ಡಕ್' ಡನ್ ಇದರಲ್ಲಿದ್ದ ಬಾಲ್ಯಸ್ನೇಹಿತ. 1961ರಲ್ಲಿ ಈ ತಂಡದ 'ಲಾಸ್ಟ್ ನೈಟ್' ಎಂಬ ವಾದ್ಯಸಂಗೀತ ಅಮೆರಿಕದ ಜನಪ್ರಿಯ ಪಟ್ಟಿಯಲ್ಲಿ ಮೂರನೇ ಸ್ಥಾನಕ್ಕೆ ಏರಿತು. ಆಗ ಕ್ರಾಪರ್ ಅವರಿಗೆ ಇನ್ನೂ ಇಪ್ಪತ್ತು ತುಂಬಿರಲಿಲ್ಲ.

ಹಳೆಯ ಚಿತ್ರಮಂದಿರದಲ್ಲಿ ಹೊಸ ಸಂಗೀತ

ಆ ಹಾಡನ್ನು ಹೊರತಂದದ್ದು ಮೆಂಫಿಸ್‌ನ ಒಂದು ಚಿಕ್ಕ ಕಂಪನಿ. ಬ್ಯಾಂಕಿನಲ್ಲಿ ಕೆಲಸ ಮಾಡುತ್ತಾ ಪಿಟೀಲು ನುಡಿಸುತ್ತಿದ್ದ ಜಿಮ್ ಸ್ಟೂವರ್ಟ್ ಅವರು 1957ರಲ್ಲಿ ಅದನ್ನು ಆರಂಭಿಸಿದರು. ಅವರ ಅಕ್ಕ ಎಸ್ಟೆಲ್ ಆಕ್ಸ್ಟನ್ ತಮ್ಮ ಮನೆಯನ್ನು ಅಡವಿಟ್ಟು ಅದಕ್ಕೆ ಹಣ ಹೂಡಿದರು. 1960ರಲ್ಲಿ ಕಂಪನಿ ಮ್ಯಾಕ್ಲೆಮೋರ್ ರಸ್ತೆಯ 'ಕ್ಯಾಪಿಟಲ್' ಎಂಬ ಹಳೆಯ ಚಿತ್ರಮಂದಿರವನ್ನು ಬಾಡಿಗೆಗೆ ಪಡೆಯಿತು. 1961ರಲ್ಲಿ ಅಕ್ಕ ತಮ್ಮಂದಿರ ಕುಲನಾಮಗಳ ಮೊದಲ ಅಕ್ಷರಗಳನ್ನು ಜೋಡಿಸಿ 'ಸ್ಟ್ಯಾಕ್ಸ್' ಎಂಬ ಹೆಸರಿಟ್ಟರು.

ಕುರ್ಚಿಗಳನ್ನು ಕಿತ್ತು ತೆಗೆದರೂ ಚಿತ್ರಮಂದಿರದ ಇಳಿಜಾರು ನೆಲ ಹಾಗೆಯೇ ಉಳಿಯಿತು. ಅಲ್ಲಿ ಮುದ್ರಿತವಾದ ಹಾಡುಗಳಿಗೆ ವಿಶಿಷ್ಟವಾದ ಗಟ್ಟಿದನಿ ಬಂದದ್ದು ಆ ಕೋಣೆಯಿಂದಲೇ ಎಂದು ಸಂಗೀತ ಬಲ್ಲವರು ಹೇಳುತ್ತಾರೆ. ಕಟ್ಟಡದ ಮುಂಭಾಗದಲ್ಲಿ ಎಸ್ಟೆಲ್ ಅವರು ಒಂದು ಗ್ರಾಮಫೋನ್ ರೆಕಾರ್ಡ್ ಅಂಗಡಿ ತೆರೆದರು. ಕ್ರಾಪರ್ ಅವರು ಅಲ್ಲಿ ಮಾರಾಟದ ಕೆಲಸ ಮಾಡಿದರು. ನೆರೆಹೊರೆಯ ಕರಿಯ ಮಕ್ಕಳು ಶಾಲೆ ಬಿಟ್ಟ ಮೇಲೆ ಅಂಗಡಿಗೆ ಬಂದು ಹೊಸ ಹಾಡು ಕೇಳುತ್ತಿದ್ದರು. ಒಳಗೆ ಮುದ್ರಿಸಿದ ಹಾಡನ್ನು ಎಸ್ಟೆಲ್ ಅವರು ಹೊರಗೆ ಅವರಿಗೆ ಕೇಳಿಸಿ, ಕಾಲು ತಾಳ ಹಾಕುತ್ತದೆಯೇ ಎಂದು ನೋಡುತ್ತಿದ್ದರು. ಹೀಗೆ ಅಂಗಡಿಗೆ ಬರುತ್ತಿದ್ದ ಹುಡುಗರಲ್ಲಿ ಒಬ್ಬರು ಬುಕರ್ ಟಿ. ಜೋನ್ಸ್. ಎದುರಿನ ಕಿರಾಣಿ ಅಂಗಡಿಯಲ್ಲಿ ಕೆಲಸಕ್ಕಿದ್ದ ಡೇವಿಡ್ ಪೋರ್ಟರ್ ಮುಂದೆ ಐಸಾಕ್ ಹೇಯ್ಸ್ ಅವರೊಂದಿಗೆ ಸ್ಟ್ಯಾಕ್ಸ್‌ನ ಪ್ರಮುಖ ಗೀತರಚನಕಾರರಾದರು.

ಆಗಿನ ಮೆಂಫಿಸ್‌ನಲ್ಲಿ ಶಾಲೆ, ಹೋಟೆಲು, ಸ್ಮಶಾನ ಎಲ್ಲವೂ ಬಣ್ಣದ ಪ್ರಕಾರ ಬೇರೆ ಬೇರೆ. ಒಂದೇ ದೇವರನ್ನು ಆರಾಧಿಸುವವರ ದೇವಾಲಯಗಳೂ ಬೇರೆ ಬೇರೆಯಾಗಿದ್ದವು. ಈ ಒಂದು ಕೋಣೆಯಲ್ಲಿ ಮಾತ್ರ ಕೇಳುತ್ತಿದ್ದ ಪ್ರಶ್ನೆ ನುಡಿಸಲು ಬರುತ್ತದೆಯೇ ಎಂಬುದಾಗಿತ್ತು.

'ಗ್ರೀನ್ ಆನಿಯನ್ಸ್' ಮತ್ತು ನಾಲ್ವರ ತಂಡ

1962ರಲ್ಲಿ ಒಬ್ಬ ಗಾಯಕರ ಧ್ವನಿಮುದ್ರಣಕ್ಕೆಂದು ನಾಲ್ವರು ವಾದಕರು ಬಂದಿದ್ದರು. ಆರ್ಗನ್‌ಗೆ ಹದಿನೇಳರ ಬುಕರ್ ಟಿ. ಜೋನ್ಸ್, ಬೇಸ್‌ಗೆ ಲೂಯಿ ಸ್ಟೈನ್‌ಬರ್ಗ್, ಡ್ರಮ್‌ಗೆ ಆಲ್ ಜಾಕ್ಸನ್ ಜೂನಿಯರ್, ಗಿಟಾರ್‌ಗೆ ಕ್ರಾಪರ್. ಉಳಿದ ಸಮಯದಲ್ಲಿ ಅವರು ತಮ್ಮ ಪಾಡಿಗೆ ಒಂದು ಬ್ಲೂಸ್ ನುಡಿಸತೊಡಗಿದರು. ಸ್ಟೂವರ್ಟ್ ಅವರು ಅದನ್ನು ಮುದ್ರಿಸಿಕೊಂಡರು. ರೆಕಾರ್ಡಿನ ಇನ್ನೊಂದು ಬದಿಗೂ ಏನಾದರೂ ಬೇಕಲ್ಲ ಎಂದು ನುಡಿಸಿದ ಎರಡನೆಯ ಸಂಗೀತವೇ 'ಗ್ರೀನ್ ಆನಿಯನ್ಸ್'. ಅದು ಜನಪ್ರಿಯ ಪಟ್ಟಿಯಲ್ಲಿ ಮೂರನೇ ಸ್ಥಾನಕ್ಕೂ ಕರಿಯರ ಸಂಗೀತದ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೂ ತಲುಪಿತು. ರಚನಕಾರರಾಗಿ ನಾಲ್ವರ ಹೆಸರೂ ದಾಖಲಾಯಿತು.

ಹೀಗೆ 'ಬುಕರ್ ಟಿ. ಅಂಡ್ ದಿ ಎಂ.ಜಿ.ಸ್' ತಂಡ ಹುಟ್ಟಿತು. ಸ್ಟೈನ್‌ಬರ್ಗ್ ಅವರ ನಂತರ ಡಕ್ ಡನ್ ಸೇರಿಕೊಂಡಾಗ ತಂಡದಲ್ಲಿ ಇಬ್ಬರು ಕರಿಯರು, ಇಬ್ಬರು ಬಿಳಿಯರಾದರು. ತಮ್ಮ ಹೆಸರಿನಲ್ಲಿ ರೆಕಾರ್ಡು ಮಾಡುವುದರ ಜೊತೆಗೆ, ಸ್ಟ್ಯಾಕ್ಸ್‌ಗೆ ಬಂದ ಗಾಯಕರಿಗೆಲ್ಲ ಪಕ್ಕವಾದ್ಯ ನುಡಿಸುವ ಮನೆಯ ತಂಡವೂ ಇವರೇ.

ಇಲ್ಲಿ ವಾದ್ಯ ಸಂಯೋಜನೆ ನಡೆಯುತ್ತಿದ್ದ ಬಗೆಯನ್ನು ತಿಳಿಯುವುದು ಒಳ್ಳೆಯದು. ನ್ಯೂಯಾರ್ಕಿನಂಥ ನಗರಗಳಲ್ಲಿ ಸಂಯೋಜಕರು ಸ್ವರಲಿಪಿ ಬರೆದು ವಾದಕರಿಗೆ ಹಂಚುತ್ತಿದ್ದರು. ಸ್ಟ್ಯಾಕ್ಸ್‌ನಲ್ಲಿ ಕಾಗದವೇ ಇರಲಿಲ್ಲ. ಗಾಯಕರು ಹಾಡನ್ನು ಒಮ್ಮೆ ಹಾಡಿ ತೋರಿಸುತ್ತಿದ್ದರು. ವಾದಕರು ಸುತ್ತ ನಿಂತು ಕೇಳಿ, ತಮ್ಮ ತಮ್ಮ ಭಾಗವನ್ನು ತಲೆಯಲ್ಲೇ ಕಟ್ಟಿಕೊಳ್ಳುತ್ತಿದ್ದರು. ಕೊಂಬುವಾದ್ಯದವರಿಗೆ ಏನು ಊದಬೇಕೆಂದು ಬಾಯಲ್ಲಿ ಹಾಡಿ ತೋರಿಸುವುದೂ ಇತ್ತು. ಆರಂಭದ ವರ್ಷಗಳಲ್ಲಿ ಗಾಯನ ಮತ್ತು ವಾದ್ಯ ಎಲ್ಲವನ್ನೂ ಒಟ್ಟಿಗೇ ಮುದ್ರಿಸಬೇಕಿತ್ತು. ಒಬ್ಬರು ತಪ್ಪಿದರೆ ಎಲ್ಲರೂ ಮೊದಲಿನಿಂದ ನುಡಿಸಬೇಕು. ಆದ್ದರಿಂದ ಪ್ರತಿಯೊಬ್ಬರೂ ಇನ್ನೊಬ್ಬರನ್ನು ಕೇಳಿಸಿಕೊಳ್ಳುವುದು ಅನಿವಾರ್ಯವಾಗಿತ್ತು.

ಕ್ರಾಪರ್ ಅವರ ಕೈಯ ಗುಣ

ಅವರ ವಾದ್ಯ ಫೆಂಡರ್ ಕಂಪನಿಯ ಟೆಲಿಕ್ಯಾಸ್ಟರ್ ಗಿಟಾರ್. ಅದರ ದನಿ ತೆಳು, ಹರಿತ. ವೇಗದ ತಾನಗಳು ಅವರ ವಾದನದಲ್ಲಿ ವಿರಳ, ಉದ್ದನೆಯ ಏಕವ್ಯಕ್ತಿ ವಾದನವೂ ವಿರಳ. ಅವರು ಮುಖ್ಯವಾಗಿ ಎರಡು ಕೆಲಸ ಮಾಡುತ್ತಿದ್ದರು.

ಒಂದು, ನಾಲ್ಕು ಎಣಿಕೆಯ ತಾಳದಲ್ಲಿ ಎರಡನೆಯ ಮತ್ತು ನಾಲ್ಕನೆಯ ಪೆಟ್ಟಿಗೆ ಸರಿಯಾಗಿ ಕಾರ್ಡ್ ಅನ್ನು ಗಿಡ್ಡದಾಗಿ ಕತ್ತರಿಸಿ ಹೊಡೆಯುವುದು. ಆಲ್ ಜಾಕ್ಸನ್ ಅವರ ಡ್ರಮ್ಮಿನ ಪೆಟ್ಟೂ ಆ ಗಿಟಾರಿನ ಪೆಟ್ಟೂ ಒಂದೇ ವಾದ್ಯವೆಂಬಂತೆ ಕೇಳಿಸುತ್ತಿದ್ದವು. ಇನ್ನೊಂದು, ಎರಡು ತಂತಿಗಳನ್ನು ಜೊತೆಯಾಗಿ ಮೀಟಿ ಬೆರಳನ್ನು ಜಾರಿಸುತ್ತಾ, ಗಾಯಕರ ಸಾಲಿಗೆ ಚಿಕ್ಕ ಉತ್ತರ ಕೊಡುವುದು. ಗಾಯಕರು ಬಾಯಿ ತೆರೆದಾಗ ಗಿಟಾರ್ ಮೌನವಾಗುತ್ತಿತ್ತು.

1967ರಲ್ಲಿ ಸ್ಯಾಮ್ ಅಂಡ್ ಡೇವ್ ಜೋಡಿ ಹಾಡಿದ, ಹೇಯ್ಸ್ ಮತ್ತು ಪೋರ್ಟರ್ ಬರೆದ 'ಸೋಲ್ ಮ್ಯಾನ್' ಹಾಡಿನಲ್ಲಿ ಅವರು ಸಿಗರೇಟು ಹಚ್ಚುವ ಲೈಟರ್ ಒಂದನ್ನು ತಂತಿಯ ಮೇಲೆ ಜಾರಿಸಿ ನುಡಿಸಿದ ಚಿಕ್ಕ ತುಣುಕು ಪ್ರಸಿದ್ಧವಾಯಿತು. ಅದನ್ನು ಕೇಳಿದ ಗಾಯಕ ಸ್ಯಾಮ್ ಮೂರ್ ಹಾಡಿನ ನಡುವೆಯೇ ಸ್ಟೀವ್ ಎಂದು ಹೆಸರು ಹಿಡಿದು ಹುರಿದುಂಬಿಸಿದರು. ಆ ಕೂಗು ರೆಕಾರ್ಡಿನಲ್ಲಿ ಹಾಗೆಯೇ ಉಳಿದಿದೆ. ಸೆಷನ್ ವಾದಕರೊಬ್ಬರ ಹೆಸರು ಜನಪ್ರಿಯ ಹಾಡಿನೊಳಗೇ ಕೇಳಿಬಂದ ಅಪರೂಪದ ಉದಾಹರಣೆ ಇದು.

ಲೊರೇನ್ ಮೋಟೆಲಿನ ಹಾಡುಗಳು

ಮೆಂಫಿಸ್‌ನಲ್ಲಿ ಕರಿಯ ಪ್ರಯಾಣಿಕರಿಗೆ ಗೌರವದಿಂದ ಕೋಣೆ ಕೊಡುವ ವಸತಿಗೃಹಗಳು ಕಡಿಮೆ. ಕರಿಯ ದಂಪತಿಗಳಾದ ವಾಲ್ಟರ್ ಮತ್ತು ಲೊರೀ ಬೇಲಿ ನಡೆಸುತ್ತಿದ್ದ ಲೊರೇನ್ ಮೋಟೆಲ್ ಅವುಗಳಲ್ಲಿ ಒಂದು. ಹೊರ ಊರಿನಿಂದ ಸ್ಟ್ಯಾಕ್ಸ್‌ಗೆ ಬರುವ ಗಾಯಕರು ಅಲ್ಲೇ ಇಳಿದುಕೊಳ್ಳುತ್ತಿದ್ದರು. ಬಿಳಿಯರೂ ಕರಿಯರೂ ಒಟ್ಟಿಗೆ ಕುಳಿತು ಕೆಲಸ ಮಾಡಲು ಯಾರ ಆಕ್ಷೇಪವೂ ಇಲ್ಲದ ಜಾಗವದು. ಕ್ರಾಪರ್ ಅವರು ಗಿಟಾರ್ ಹಿಡಿದು ಅಲ್ಲಿಗೆ ಹೋಗುತ್ತಿದ್ದರು.

1965ರ ಮೇ ತಿಂಗಳಲ್ಲಿ ಅಟ್ಲಾಂಟಿಕ್ ಕಂಪನಿಯ ಜೆರ್ರಿ ವೆಕ್ಸ್ಲರ್ ಅವರು ವಿಲ್ಸನ್ ಪಿಕೆಟ್ ಎಂಬ ಗಾಯಕರನ್ನು ಮೆಂಫಿಸ್‌ಗೆ ಕರೆತಂದರು. ಪಿಕೆಟ್ ಅವರು ಗಾಸ್ಪೆಲ್ ತಂಡದಿಂದ ಬಂದವರು. ಅವರು ಬರುವ ಮುನ್ನ ಕ್ರಾಪರ್ ಅವರು ರೆಕಾರ್ಡ್ ಅಂಗಡಿಯಲ್ಲಿ ಅವರ ಹಳೆಯ ಭಕ್ತಿಗೀತೆಗಳನ್ನು ಹುಡುಕಿ ಕೇಳಿದರು. ಅಲ್ಲಿ ಪದೇಪದೇ ಕಿವಿಗೆ ಬಿದ್ದ ಒಂದು ಮಾತೇ ಹೊಸ ಹಾಡಿನ ಬೀಜವಾಯಿತೆಂದು ಅವರು ಹೇಳಿದ್ದಾರೆ. ಇಬ್ಬರೂ ಲೊರೇನ್ ಮೋಟೆಲಿನಲ್ಲಿ ಕುಳಿತು 'ಇನ್ ದ ಮಿಡ್‌ನೈಟ್ ಅವರ್' ಬರೆದರು. ಮುದ್ರಣದ ವೇಳೆ ವೆಕ್ಸ್ಲರ್ ಅವರು ಕೋಣೆಗೆ ಬಂದು, ಯುವಜನರು ಆಗ ಕುಣಿಯುತ್ತಿದ್ದ ಹೊಸ ನೃತ್ಯವನ್ನು ಕುಣಿದು ತೋರಿಸಿದರು. ಅದಕ್ಕೆ ಹೊಂದುವಂತೆ ಕ್ರಾಪರ್ ಮತ್ತು ಜಾಕ್ಸನ್ ಅವರು ಎರಡನೆಯ ಮತ್ತು ನಾಲ್ಕನೆಯ ಪೆಟ್ಟನ್ನು ಕೂದಲೆಳೆಯಷ್ಟು ತಡವಾಗಿಸಿದರು. ಆ ತಡವೇ ಮೆಂಫಿಸ್ ಸಂಗೀತದ ಗುರುತಾಯಿತು.

1966ರಲ್ಲಿ ಅದೇ ಮೋಟೆಲಿನಲ್ಲಿ, ಗುಡುಗು ಸಿಡಿಲಿನ ಒಂದು ರಾತ್ರಿ, ಎಡ್ಡಿ ಫ್ಲಾಯ್ಡ್ ಅವರೊಂದಿಗೆ 'ನಾಕ್ ಆನ್ ವುಡ್' ರಚನೆಯಾಯಿತು. ಅದರ ಆರಂಭಕ್ಕೆ ಏನು ನುಡಿಸುವುದೆಂದು ತಿಳಿಯದೆ, ಪಿಕೆಟ್ ಅವರ ಹಾಡಿನ ಆರಂಭದ ಕಾರ್ಡ್‌ಗಳನ್ನೇ ಹಿಂದುಮುಂದಾಗಿ ನುಡಿಸಿದೆನೆಂದು ಕ್ರಾಪರ್ ಅವರು ಹೇಳುತ್ತಿದ್ದರು. ಎರಡೂ ಹಾಡುಗಳು ಕರಿಯರ ಸಂಗೀತದ ಪಟ್ಟಿಯಲ್ಲಿ ಮೊದಲ ಸ್ಥಾನ ಪಡೆದವು. ಇದ್ದದ್ದನ್ನೇ ಹೊಸದಾಗಿ ನೋಡುವುದೂ ಸಂಯೋಜನೆಯ ಒಂದು ಬಗೆಯೆಂಬುದಕ್ಕೆ ಇದಕ್ಕಿಂತ ಸರಳ ಉದಾಹರಣೆ ಬೇಕಿಲ್ಲ.

ಓಟಿಸ್ ರೆಡಿಂಗ್ ಅವರ ಒಡನಾಟ

ಕ್ರಾಪರ್ ಅವರ ಹೆಸರು ಎಲ್ಲಕ್ಕಿಂತ ಹೆಚ್ಚಾಗಿ ಕೂಡಿಕೊಂಡಿರುವುದು ಓಟಿಸ್ ರೆಡಿಂಗ್ ಅವರ ಹೆಸರಿನೊಂದಿಗೆ. ಇಬ್ಬರ ವಯಸ್ಸಿನಲ್ಲಿ ಸುಮಾರು ಒಂದೂವರೆ ತಿಂಗಳಿನ ಅಂತರ ಮಾತ್ರ. ರೆಡಿಂಗ್ ಅವರ ತಂದೆ ಜಾರ್ಜಿಯಾ ರಾಜ್ಯದಲ್ಲಿ ಬೋಧನೆಯನ್ನೂ ಮಾಡುತ್ತಿದ್ದವರು. ಮಗ ಹಾಡಲು ಕಲಿತದ್ದು ಮೇಕನ್ ಪಟ್ಟಣದ ಬ್ಯಾಪ್ಟಿಸ್ಟ್ ದೇವಾಲಯದ ಗಾಯನ ಮಂಡಳಿಯಲ್ಲಿ.

1962ರಲ್ಲಿ ರೆಡಿಂಗ್ ಅವರು ಸ್ಟ್ಯಾಕ್ಸ್‌ಗೆ ಬಂದದ್ದು ಜಾನಿ ಜೆಂಕಿನ್ಸ್ ಎಂಬ ಗಿಟಾರ್ ವಾದಕರ ಕಾರು ಓಡಿಸಿಕೊಂಡು. ಜೆಂಕಿನ್ಸ್ ಅವರ ಮುದ್ರಣ ಅಷ್ಟೇನೂ ಫಲ ಕೊಡಲಿಲ್ಲ. ದಿನದ ಕೊನೆಯಲ್ಲಿ ಚಾಲಕರಿಗೂ ಹಾಡಲು ಒಂದು ಅವಕಾಶ ಸಿಕ್ಕಿತು. ಬುಕರ್ ಟಿ. ಆಗಲೇ ಹೊರಟುಹೋಗಿದ್ದರಿಂದ ಕ್ರಾಪರ್ ಅವರು ತಮ್ಮ ವಾದ್ಯವಲ್ಲದ ಪಿಯಾನೊದ ಮುಂದೆ ಕುಳಿತರು. ಹೀಗೆ ಮುದ್ರಿತವಾದ 'ದೀಸ್ ಆರ್ಮ್ಸ್ ಆಫ್ ಮೈನ್' ರೆಡಿಂಗ್ ಅವರ ಜೀವನದ ದಾರಿಯನ್ನು ತೆರೆಯಿತು.

ಮುಂದಿನ ಐದು ವರ್ಷ ಇಬ್ಬರೂ ಸೇರಿ ಹಾಡು ಬರೆದರು. ರೇಡಿಯೊ ನಿರೂಪಕರೊಬ್ಬರು ರೆಡಿಂಗ್ ಅವರಿಗೆ ಇಟ್ಟ ಅಡ್ಡಹೆಸರಿನಿಂದ 'ಮಿಸ್ಟರ್ ಪಿಟಿಫುಲ್' ಹುಟ್ಟಿತು. 1967ರ ವಸಂತದಲ್ಲಿ ಸ್ಟ್ಯಾಕ್ಸ್ ಕಲಾವಿದರು ಯುರೋಪಿನ ಪ್ರವಾಸ ಮಾಡಿದರು. ಅದೇ ವರ್ಷ ಜೂನ್ 17ರಂದು ಕ್ಯಾಲಿಫೋರ್ನಿಯಾದ ಮಾಂಟೆರೆ ಉತ್ಸವದಲ್ಲಿ ರೆಡಿಂಗ್ ಅವರು ಹಾಡಿದಾಗ ಹಿಂದೆ ನುಡಿಸಿದವರು ಬುಕರ್ ಟಿ. ತಂಡದವರೇ. ಬಹುಪಾಲು ಬಿಳಿಯ ಯುವಜನರಿದ್ದ ಆ ಸಭೆ ರೆಡಿಂಗ್ ಅವರನ್ನು ಎದ್ದು ನಿಂತು ಸ್ವಾಗತಿಸಿತು.

ಗೆಳೆಯನ ಹಾಡನ್ನು ಮುಗಿಸಿದ ಡಿಸೆಂಬರ್

ಆ ಉತ್ಸವದ ವರ್ಷವೇ ರೆಡಿಂಗ್ ಅವರು ಸಾನ್ ಫ್ರಾನ್ಸಿಸ್ಕೊ ಸಮೀಪದ ಸಾಸಲಿಟೊದಲ್ಲಿ ನೀರಿನ ಮೇಲಿನ ದೋಣಿಮನೆಯಲ್ಲಿದ್ದಾಗ ಒಂದು ಹಾಡನ್ನು ಶುರುಮಾಡಿದ್ದರು. ಮೆಂಫಿಸ್‌ಗೆ ಬಂದು ಅದನ್ನು ಕ್ರಾಪರ್ ಅವರೊಂದಿಗೆ ಪೂರ್ಣಗೊಳಿಸಿದರು. ಅದೇ 'ದ ಡಾಕ್ ಆಫ್ ದ ಬೇ'. ಅಬ್ಬರವಿಲ್ಲದ, ದಣಿದ ಮನಸ್ಸಿನ ಹಾಡು. ರೆಡಿಂಗ್ ಅವರ ಹಿಂದಿನ ಯಾವ ಹಾಡಿನಂತೆಯೂ ಇರಲಿಲ್ಲ. ಸ್ಟ್ಯಾಕ್ಸ್ ಒಳಗೇ ಕೆಲವರಿಗೆ ಅನುಮಾನವಿತ್ತು. ಬರೆದ ಇಬ್ಬರಿಗೆ ಮಾತ್ರ ನಂಬಿಕೆಯಿತ್ತು. 1967ರ ನವೆಂಬರ್ ಮತ್ತು ಡಿಸೆಂಬರ್ ಮೊದಲ ವಾರದಲ್ಲಿ ಮುದ್ರಣ ನಡೆಯಿತು. ಹಾಡಿನ ಕೊನೆಯಲ್ಲಿ ಮಾತಿಲ್ಲದೆ ರೆಡಿಂಗ್ ಅವರ ಸಿಳ್ಳೆ ಮಾತ್ರ ಕೇಳಿಸುತ್ತದೆ.

ಡಿಸೆಂಬರ್ 10ರಂದು ರೆಡಿಂಗ್ ಅವರ ಚಿಕ್ಕ ವಿಮಾನ ವಿಸ್ಕಾನ್ಸಿನ್ ರಾಜ್ಯದ ಮ್ಯಾಡಿಸನ್ ಬಳಿ ಮೊನೊನಾ ಸರೋವರಕ್ಕೆ ಬಿತ್ತು. ಅವರಿಗೆ 26 ವರ್ಷ. ಜೊತೆಗಿದ್ದ 'ಬಾರ್-ಕೇಸ್' ತಂಡದ ನಾಲ್ವರು ಯುವ ವಾದಕರೂ ತೀರಿಕೊಂಡರು. ವಿಮಾನದಲ್ಲಿದ್ದವರಲ್ಲಿ ಬದುಕಿ ಉಳಿದವರು ತುತ್ತೂರಿ ವಾದಕ ಬೆನ್ ಕಾಲಿ ಒಬ್ಬರೇ.

ಕಂಪನಿಗೆ ಹಾಡು ತುರ್ತಾಗಿ ಬೇಕಿತ್ತು. ಆ ಕೆಲಸ ಕ್ರಾಪರ್ ಅವರ ಪಾಲಿಗೆ ಬಂತು. ಗೆಳೆಯ ಸತ್ತ ಕೆಲವೇ ದಿನಗಳಲ್ಲಿ, ಆ ಗೆಳೆಯನ ದನಿಯನ್ನೇ ಮತ್ತೆ ಮತ್ತೆ ಕೇಳುತ್ತಾ, ಯಾವ ವಾದ್ಯ ಎಷ್ಟು ಕೇಳಿಸಬೇಕೆಂದು ಅಳೆಯಬೇಕಿತ್ತು. ಅವರು ಧ್ವನಿಸಂಗ್ರಹದಿಂದ ಅಲೆಗಳ ಸದ್ದು ಮತ್ತು ಕಡಲ ಹಕ್ಕಿಗಳ ಕೂಗನ್ನು ತಂದು ಹಾಡಿಗೆ ಸೇರಿಸಿದರು. ಗಿಟಾರಿನ ಚಿಕ್ಕ ಉತ್ತರಗಳನ್ನು ಗಾಯನದ ನಡುವೆ ಇಟ್ಟರು. ಅದು ಅವರ ಬದುಕಿನ ಅತ್ಯಂತ ಕಷ್ಟದ ಕೆಲಸವಾಗಿತ್ತೆಂದು ಮುಂದೆ ಅನೇಕ ಸಲ ಹೇಳಿಕೊಂಡಿದ್ದಾರೆ. ಆದರೆ ಹಾಡು ಕೇಳಿದರೆ ಆ ದುಃಖದ ಪ್ರದರ್ಶನ ಎಲ್ಲಿಯೂ ಕಾಣುವುದಿಲ್ಲ. ಗಿಟಾರ್ ತನ್ನ ಎಂದಿನ ಜಾಗದಲ್ಲೇ ಇದೆ, ಗಾಯಕರಿಗೆ ದಾರಿ ಬಿಟ್ಟುಕೊಟ್ಟು.

1968ರ ಜನವರಿಯಲ್ಲಿ ಬಿಡುಗಡೆಯಾದ ಹಾಡು ಮಾರ್ಚ್‌ನಲ್ಲಿ ಅಮೆರಿಕದ ಜನಪ್ರಿಯ ಪಟ್ಟಿಯ ಮೊದಲ ಸ್ಥಾನಕ್ಕೆ ಏರಿತು. ಗಾಯಕರ ಮರಣಾನಂತರ ಆ ಸ್ಥಾನ ತಲುಪಿದ ಮೊದಲ ಹಾಡು ಅದು. ಅದಕ್ಕೆ ಎರಡು ಗ್ರ್ಯಾಮಿ ಪ್ರಶಸ್ತಿಗಳು ಬಂದವು. ಗೀತರಚನೆಯ ಪ್ರಶಸ್ತಿಯಲ್ಲಿ ಕ್ರಾಪರ್ ಅವರ ಹೆಸರೂ ಸೇರಿತ್ತು.

1968: ಮುರಿದ ಒಡನಾಟ

ಹಾಡು ಇನ್ನೂ ರೇಡಿಯೊದಲ್ಲಿ ಕೇಳಿಬರುತ್ತಿದ್ದಾಗಲೇ ಮೆಂಫಿಸ್‌ಗೆ ಇನ್ನೊಂದು ಆಘಾತ ಬಂತು. ಫೆಬ್ರವರಿಯಲ್ಲಿ ನಗರದ ಇಬ್ಬರು ಕರಿಯ ಪೌರಕಾರ್ಮಿಕರು ಕಸದ ಲಾರಿಯ ಯಂತ್ರಕ್ಕೆ ಸಿಕ್ಕಿ ಸತ್ತಿದ್ದರು. ಸುಮಾರು 1,300 ಕಾರ್ಮಿಕರು ಮುಷ್ಕರ ಹೂಡಿದ್ದರು. ಅವರ ಬೆಂಬಲಕ್ಕೆಂದು ಮಾರ್ಟಿನ್ ಲೂಥರ್ ಕಿಂಗ್ ಅವರು ಬಂದು ಲೊರೇನ್ ಮೋಟೆಲಿನಲ್ಲಿ ಇಳಿದುಕೊಂಡರು. ಏಪ್ರಿಲ್ 4ರ ಸಂಜೆ ಅದೇ ಮೋಟೆಲಿನ ಮೊಗಸಾಲೆಯಲ್ಲಿ ಅವರನ್ನು ಗುಂಡಿಟ್ಟು ಕೊಲ್ಲಲಾಯಿತು. ಅದೇ ದಿನ ಮೋಟೆಲಿನ ಒಡತಿ ಲೊರೀ ಬೇಲಿ ಮಿದುಳಿನ ರಕ್ತಸ್ರಾವದಿಂದ ಕುಸಿದುಬಿದ್ದರು. ಕಿಂಗ್ ಅವರ ಅಂತ್ಯಕ್ರಿಯೆಯ ದಿನವೇ ಅವರೂ ಕೊನೆಯುಸಿರೆಳೆದರು.

ಬಿಳಿಯರೂ ಕರಿಯರೂ ಕೂಡಿ ಹಾಡು ಬರೆದ ಜಾಗ ಕೊಲೆಯ ಜಾಗವಾಯಿತು. ನಂತರದ ದಿನಗಳಲ್ಲಿ ಸ್ಟ್ಯಾಕ್ಸ್ ಸುತ್ತಲಿನ ಬೀದಿಗಳಲ್ಲೂ ಒಳಗಿನ ಕೋಣೆಗಳಲ್ಲೂ ಮೊದಲಿನ ಸಲೀಸು ಉಳಿಯಲಿಲ್ಲ. ಕೂಡಿ ನುಡಿಸಿದ ಮಾತ್ರಕ್ಕೆ ಊರಿನ ಅನ್ಯಾಯ ಅಳಿಯುವುದಿಲ್ಲ ಎಂಬ ಕಹಿ ಸತ್ಯವನ್ನು ಎಲ್ಲರೂ ಎದುರಿಸಬೇಕಾಯಿತು.

ಅದೇ ವರ್ಷ ವ್ಯವಹಾರದಲ್ಲೂ ಪೆಟ್ಟು ಬಿತ್ತು. ವಿತರಕರಾಗಿದ್ದ ಅಟ್ಲಾಂಟಿಕ್ ಕಂಪನಿಯೊಂದಿಗಿನ ಒಪ್ಪಂದ ಮುಗಿದಾಗ, ಅವರು ವಿತರಿಸಿದ ಹಾಡುಗಳ ಮೂಲ ಮುದ್ರಣಗಳೆಲ್ಲ ಅವರಿಗೇ ಸೇರಿದ್ದೆಂದು ಪತ್ರದಲ್ಲಿ ಬರೆದಿರುವುದು ಬೆಳಕಿಗೆ ಬಂತು. ಸಹಿ ಹಾಕುವ ಮುನ್ನ ಸ್ಟೂವರ್ಟ್ ಅವರು ಆ ಷರತ್ತನ್ನು ಗಮನಿಸಿರಲಿಲ್ಲ. ವರ್ಷಗಳ ದುಡಿಮೆಯ ಒಡೆತನ ಒಂದು ಸಹಿಯಲ್ಲಿ ಹೋಯಿತು. 1970ರಲ್ಲಿ ಕ್ರಾಪರ್ ಅವರು ಸ್ಟ್ಯಾಕ್ಸ್ ಬಿಟ್ಟರು. ಕಂಪನಿ 1975ರ ಡಿಸೆಂಬರ್‌ನಲ್ಲಿ ದಿವಾಳಿಯಾಗಿ ಮುಚ್ಚಿತು.

ನಂತರದ ವರ್ಷಗಳು

ಮೆಂಫಿಸ್‌ನಲ್ಲಿ ಸ್ವಂತ ಸ್ಟುಡಿಯೊ ನಡೆಸುತ್ತಾ ಅವರು ಜೆಫ್ ಬೆಕ್ ಅವರ ತಂಡದ 1972ರ ಆಲ್ಬಮ್ ನಿರ್ಮಿಸಿದರು. 1975ರಲ್ಲಿ ಜಾನ್ ಪ್ರೈನ್ ಅವರ 'ಕಾಮನ್ ಸೆನ್ಸ್' ಬಂತು. ರಿಂಗೊ ಸ್ಟಾರ್, ಜಾನ್ ಲೆನನ್, ರಾಡ್ ಸ್ಟೂವರ್ಟ್ ಅವರ ಮುದ್ರಣಗಳಲ್ಲಿ ಗಿಟಾರ್ ನುಡಿಸಿದರು. 1975ರಲ್ಲಿ ಹಳೆಯ ನಾಲ್ವರು ಮತ್ತೆ ಸೇರುವ ಯೋಚನೆಯಲ್ಲಿದ್ದಾಗ, ಅಕ್ಟೋಬರ್ 1ರಂದು ಆಲ್ ಜಾಕ್ಸನ್ ಅವರನ್ನು ಮೆಂಫಿಸ್‌ನ ಅವರ ಮನೆಯಲ್ಲೇ ಕೊಲೆ ಮಾಡಲಾಯಿತು.

1978ರಲ್ಲಿ ನಟರಾದ ಜಾನ್ ಬೆಲುಶಿ ಮತ್ತು ಡ್ಯಾನ್ ಐಕ್ರಾಯ್ಡ್ ಕಟ್ಟಿದ 'ಬ್ಲೂಸ್ ಬ್ರದರ್ಸ್' ತಂಡಕ್ಕೆ ಕ್ರಾಪರ್ ಮತ್ತು ಡನ್ ಸೇರಿದರು. 1980ರಲ್ಲಿ ಅದೇ ಹೆಸರಿನ ಚಲನಚಿತ್ರ ಬಂದಾಗ ಇಬ್ಬರೂ ಅದರಲ್ಲಿ ಕಾಣಿಸಿಕೊಂಡರು. ತಾವು ಬೆಳೆದ ಕಥೋಲಿಕ ಅನಾಥಾಲಯದ ತೆರಿಗೆ ಕಟ್ಟಲು ಇಬ್ಬರು ಸಹೋದರರು ಹಳೆಯ ಸಂಗೀತ ತಂಡವನ್ನು ಮತ್ತೆ ಒಟ್ಟುಗೂಡಿಸುವ ಹಾಸ್ಯದ ಕಥೆಯದು. ಚಿತ್ರಕ್ಕೆ ಮೂವತ್ತು ವರ್ಷವಾದ 2010ರಲ್ಲಿ ವ್ಯಾಟಿಕನ್ ಪತ್ರಿಕೆ 'ಲೊಸ್ಸೆರ್ವತೋರೆ ರೊಮಾನೊ' ಅದನ್ನು ಕಥೋಲಿಕ ಚಿತ್ರವೆಂದೇ ಹೊಗಳಿ ಬರೆದದ್ದನ್ನು ನಮ್ಮ ಕೆಲವು ಓದುಗರು ನೆನಪಿಸಿಕೊಳ್ಳಬಹುದು.

1992ರಲ್ಲಿ ಬುಕರ್ ಟಿ. ತಂಡ ರಾಕ್ ಅಂಡ್ ರೋಲ್ ಗೌರವ ಭವನಕ್ಕೆ ಸೇರಿತು. 2005ರಲ್ಲಿ ಕ್ರಾಪರ್ ಅವರ ಹೆಸರು ಗೀತರಚನಕಾರರ ಗೌರವ ಭವನದಲ್ಲಿ ಸೇರಿತು. 2007ರಲ್ಲಿ ತಂಡಕ್ಕೆ ಗ್ರ್ಯಾಮಿಯ ಜೀವಮಾನ ಸಾಧನೆಯ ಪುರಸ್ಕಾರ ಬಂತು. 1996ರಲ್ಲಿ ಬ್ರಿಟನ್ನಿನ 'ಮೋಜೊ' ಪತ್ರಿಕೆ ಗಿಟಾರ್ ವಾದಕರ ಪಟ್ಟಿಯಲ್ಲಿ ಜಿಮಿ ಹೆಂಡ್ರಿಕ್ಸ್ ಅವರ ನಂತರದ ಸ್ಥಾನವನ್ನು ಇವರಿಗೆ ಕೊಟ್ಟಿತು. ಹೆಚ್ಚು ನುಡಿಸದೆ ಇದ್ದುದಕ್ಕೇ ದೊರೆತ ಗೌರವವದು ಎಂದರೂ ತಪ್ಪಾಗದು. 2012ರ ಮೇ ತಿಂಗಳಲ್ಲಿ ಟೋಕಿಯೊದಲ್ಲಿ ಕಾರ್ಯಕ್ರಮ ನೀಡಿದ ರಾತ್ರಿ ಡಕ್ ಡನ್ ನಿದ್ದೆಯಲ್ಲೇ ತೀರಿಕೊಂಡರು. ಬಾಲ್ಯಸ್ನೇಹಿತನ ಜೊತೆ ಅಂದು ವೇದಿಕೆಯಲ್ಲಿದ್ದ ಕ್ರಾಪರ್ ಅವರೇ ಆ ಸುದ್ದಿಯನ್ನು ಲೋಕಕ್ಕೆ ತಿಳಿಸಬೇಕಾಯಿತು. ಆ ಮೇಲೂ ಅವರು ಕೆಲಸ ನಿಲ್ಲಿಸಲಿಲ್ಲ. 2021ರಲ್ಲಿ 'ಫೈರ್ ಇಟ್ ಅಪ್', 2024ರಲ್ಲಿ 'ಫ್ರೆಂಡ್ಲಿಟೌನ್' ಆಲ್ಬಮ್‌ಗಳು ಹೊರಬಂದವು.

ಉಳಿದಿರುವುದು

ಮ್ಯಾಕ್ಲೆಮೋರ್ ರಸ್ತೆಯ ಹಳೆಯ ಚಿತ್ರಮಂದಿರವನ್ನು 1989ರಲ್ಲಿ ಕೆಡವಿದರು. 2003ರಲ್ಲಿ ಅದೇ ಜಾಗದಲ್ಲಿ ಹಳೆಯ ಮುಂಭಾಗವನ್ನೇ ಹೋಲುವ ಸ್ಟ್ಯಾಕ್ಸ್ ವಸ್ತುಸಂಗ್ರಹಾಲಯ ತೆರೆಯಿತು. ಜೊತೆಗಿರುವ ಸಂಗೀತ ಶಾಲೆಯಲ್ಲಿ ಮಕ್ಕಳು ಈ ಹಾಡುಗಳನ್ನು ಕಲಿಯುತ್ತಾರೆ. ಲೊರೇನ್ ಮೋಟೆಲ್ 1991ರಿಂದ ನಾಗರಿಕ ಹಕ್ಕುಗಳ ರಾಷ್ಟ್ರೀಯ ವಸ್ತುಸಂಗ್ರಹಾಲಯವಾಗಿದೆ. ಕಿಂಗ್ ಅವರು ಬಿದ್ದ ಜಾಗವನ್ನು ನೋಡಲು ಬರುವವರಲ್ಲಿ ಬಹಳ ಮಂದಿಗೆ, ಅದೇ ಕಟ್ಟಡದಲ್ಲಿ ಬಿಳಿಯನೊಬ್ಬ ಮತ್ತು ಕರಿಯನೊಬ್ಬ ಒಂದು ಗಿಟಾರ್ ನಡುವೆ ಇಟ್ಟುಕೊಂಡು ಹಾಡು ಕಟ್ಟಿದ್ದರೆಂಬುದು ತಿಳಿದಿರಲಿಕ್ಕಿಲ್ಲ. ಎರಡನ್ನೂ ಒಟ್ಟಿಗೆ ನೆನೆದರೆ ಮಾತ್ರ ಆ ಊರಿನ ಕಥೆ ಪೂರ್ಣವಾಗುತ್ತದೆ.

ಗಾಯನ ಮಂಡಳಿಯಲ್ಲಿ ಗಿಟಾರ್ ನುಡಿಸುವ ನಮ್ಮ ಯುವಜನರಿಗೆ ಒಂದು ಸಲಹೆ. ಮನೆಯಲ್ಲಿ 'ದ ಡಾಕ್ ಆಫ್ ದ ಬೇ' ಹಾಡನ್ನು ಎರಡು ಸಲ ಕೇಳಿರಿ. ಮೊದಲ ಸಲ ಗಾಯಕರನ್ನು ಕೇಳಿರಿ. ಎರಡನೆಯ ಸಲ ಗಿಟಾರನ್ನು ಮಾತ್ರ ಹಿಂಬಾಲಿಸಿರಿ. ಅದು ಎಲ್ಲೆಲ್ಲಿ ಮೌನವಾಗಿದೆ ಎಂಬುದನ್ನು ಬೆರಳು ಮಡಚಿ ಎಣಿಸಿರಿ. ಮುಂದಿನ ಅಭ್ಯಾಸಕ್ಕೆ ಬಂದಾಗ, ಪಕ್ಕದಲ್ಲಿ ಹಾಡುವವರ ಉಸಿರು ನಿಮಗೆ ಕೇಳಿಸುವಷ್ಟು ಜಾಗ ಬಿಟ್ಟು ನುಡಿಸಿ ನೋಡಿರಿ.